ಕರುಳೆಂಬ ಹೊಲ



ಪೈರು ತುಂಬಿ ನಿಂತಿರುವ ಹೊಲದಲ್ಲಿ ಕಳೆಗೆ ಎಡೆ ಸಿಕ್ಕುವದು ಕಷ್ಟ. ಪೈರು ಸತ್ತರೋ, ಮೊದಲು ಏಳುವದು ಕಳೆಯೇ. ನಮ್ಮ ಕರುಳಿನ ಸಂಗತಿಯೂ ಹೀಗೆಯೇ ಇರುವದು.

ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ನಮ್ಮಿಂದ ಅರಗಿಸಲಾಗದ ನಾರನ್ನು ಇವು ಹುಳಿಸಿ, ಕರುಳಿನ ಗೋಡೆಗೆ ಪುಷ್ಟಿಕೊಡುವ ಆಮ್ಲಗಳನ್ನು ಉಂಟುಮಾಡುತ್ತವೆ. ಇವುಗಳ ನಡುವೆ ಕ್ಯಾಂಡಿಡಾ ಎಂಬ ಯೀಸ್ಟ್ ಸಹ ಅನೇಕರಲ್ಲಿ ಸ್ವಲ್ಪವಾಗಿ ಇರುವದು. ಅದು ಬೂಷ್ಟಿನ ಜಾತಿಗೆ ಸೇರಿದ್ದು. ಬ್ಯಾಕ್ಟೀರಿಯಾಗಳು ಬಲವಾಗಿರುವ ತನಕ ಅದು ಅಡಗಿಕೊಂಡಿರುವದು.

ಹಾಗಾದರೆ ಅದು ಹೆಚ್ಚುವದು ಯಾವಾಗ? ಆಂಟಿಬಯಾಟಿಕ್ ಔಷಧಗಳು ರೋಗದ ಬ್ಯಾಕ್ಟೀರಿಯಾಗಳ ಸಂಗಡ ಒಳ್ಳೆಯವುಗಳನ್ನೂ ಕೊಲ್ಲುತ್ತವೆ, ಯೀಸ್ಟನ್ನೋ ಕೊಲ್ಲಲಾರವು. ಆದಕಾರಣ ಬರಿದಾದ ಸ್ಥಳದಲ್ಲಿ ಯೀಸ್ಟ್ ಬೆಳೆಯಬಹುದು. ಈ ಔಷಧಗಳ ಬಳಕೆ ಹೆಚ್ಚಿದಂತೆ ಈ ತೊಂದರೆಯೂ ಹೆಚ್ಚಲು, 1950ರಲ್ಲಿ ಅಮೇರಿಕದ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಸ್ತ್ರೀಯರು ಯೀಸ್ಟನ್ನು ಕೊಲ್ಲುವ ನಿಸ್ಟಾಟಿನ್ ಎಂಬ ಔಷಧವನ್ನು ಪ್ರಕಟಿಸಿದರು.

ನನ್ನ ತಪ್ಪನ್ನು ಮರೆಮಾಡದೆ ಹೇಳುತ್ತೇನೆ. ಎರಡು ವರುಷದ ನನ್ನ ಮಗಳಿಗೆ ನೆಗಡಿಯಾದಾಗ, ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಔಷಧವನ್ನು ಯಾರನ್ನೂ ಕೇಳದೆ ಕುಡಿಸಿದೆನು. ನೆಗಡಿ ಬಿಡಲಿಲ್ಲ. ಭೇದಿಯಾಯಿತು, ನಾಲಿಗೆಯ ಮೇಲೆ ಬಿಳೀ ಪೊರೆ ಕಟ್ಟಿ, ಕೂಸು ಗಂಜಿಯನ್ನು ಸಹ ನುಂಗಲಾರದೆ ಅತ್ತಿತು. ವೈದ್ಯರು ನೋಡಿ, "ಉಪದೇಶಿಗಳೇ, ನೆಗಡಿಗೆ ಈ ಔಷಧ ನಾಟುವದೇ ಇಲ್ಲ. ಕಳೆಯೆಂದು ಪೈರನ್ನೇ ಕಿತ್ತಿರಿ" ಅಂದರು. ಅವರು ಬಾಯಿಗೆ ಕೊಟ್ಟ ಔಷಧದಿಂದ ಗುಣವಾಯಿತು.

ಆದದರಿಂದ ನಾವು ಮಾಡತಕ್ಕದ್ದೇನು?

1. ಕೆಂಪು ಗೆರೆಯುಳ್ಳ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದು. ಈ ಗುರುತನ್ನು ಜನರಿಗೆ ತಿಳಿಸಲು ಭಾರತ ಸರಕಾರವು 2016ರಲ್ಲಿ ಪ್ರಚಾರವನ್ನು ಆರಂಭಿಸಿತು. ವೈದ್ಯರು ಬರಕೊಟ್ಟದ್ದನ್ನಾದರೋ ಹೇಳಿದಷ್ಟು ದಿವಸ ತಪ್ಪದೆ ತಕ್ಕೊಳ್ಳಬೇಕು.

2. ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ನಾರೇ ಆಹಾರ. ರಾಗಿ, ಜೋಳ, ಹುರುಳಿ, ಅವರೆ, ಸೊಪ್ಪು, ಬಾಳೆಹಣ್ಣು, ಇವು ನಮ್ಮ ಹಳ್ಳಿಗಳಲ್ಲೇ ದೊರೆಯುತ್ತವೆ. ಬರೇ ಬಿಳೀ ಅಕ್ಕಿಯನ್ನೂ ಅಂಗಡಿಯ ಬಿಸ್ಕತ್ತನ್ನೂ ನೆಚ್ಚಬಾರದು.

3. ಮೊಸರು, ಮಜ್ಜಿಗೆ, ಹುಳಿಸಿದ ಅಂಬಲಿ ಇವುಗಳನ್ನು ಬಡವರ ಊಟವೆಂದು ಹಳಿಯದಿರ್ರಿ.

4. ಹೊಟ್ಟೆಯುಬ್ಬರವೆಲ್ಲಾ ಯೀಸ್ಟಿನಿಂದಲ್ಲ. ಬಾಯಲ್ಲಿ ಬಿಳೀ ಪೊರೆ, ನಿಲ್ಲದ ಭೇದಿ, ಮಲದಲ್ಲಿ ರಕ್ತ ಕಂಡರೆ ಪಥ್ಯವನ್ನೇ ನಂಬಿ ಕೂತಿರದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆರೋಗವುಳ್ಳವರು ವಿಶೇಷವಾಗಿ ಎಚ್ಚರದಿಂದಿರಬೇಕು.

ನಿಮ್ಮ ಮನೆಯಲ್ಲಿ ಉಳಿದ ಮಾತ್ರೆಗಳಿದ್ದರೆ, ಮಕ್ಕಳಿಗೆ ಕೊಡುವ ಮುಂಚೆ ನನ್ನ ಮಗಳ ಅಳುವನ್ನು ನೆನಸಿರಿ.