ಹಂಡೆ ಒಲೆಗೂ ಒಂದು ಲೆಕ್ಕ ಇರಲಿ



ಕಟ್ಟಿಗೆ ಹೊರೆ ಹೊತ್ತು ತರುವವರು ನಾವು. ಊದುಕೊಳವೆ ಹಿಡಿದು ಹೊಗೆ ಕುಡಿಯುವವರೂ ನಾವೇ. ಹಾಗಾಗಿ ಬಚ್ಚಲುಮನೆ ಒಲೆಯ ಲೆಕ್ಕವನ್ನೂ ಸಂಘದ ಲೆಕ್ಕದ ಹಾಗೆ ನೋಡೋಣ.

40 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಬೇಕಾದ ಶಾಖ ಸುಮಾರು ಕಾಲು ಕಿಲೋ ಒಣ ಕಟ್ಟಿಗೆಯಲ್ಲೇ ಇದೆ. ಆದರೆ ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ಸೇರಿದರೆ ಎರಡೂವರೆ ಕಿಲೋ ಸುಡಬೇಕು. ಉಳಿದದ್ದು ಎಲ್ಲಿ ಹೋಯ್ತು? ಒಲೆಯ ಬಾಯಿಂದ, ಗೋಡೆಯಿಂದ, ಹೊಗೆಯಾಗಿ ಹೋಯ್ತು. ಹೊಗೆ ಎಂದರೆ ಪೂರ್ತಿ ಉರಿಯದ ಕಟ್ಟಿಗೆಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ‘ಅಸ್ತ್ರ ಒಲೆ’ ರೂಪಿಸಿದ್ದು ಇದೇ ನಷ್ಟ ತಪ್ಪಿಸಲು. ಅದೇ ತತ್ವ ಹಂಡೆ ಒಲೆಗೂ ಸರಿಹೊಂದುತ್ತದೆ.

1. ಕಟ್ಟಿಗೆಯ ಅಡಿಗೆ ಕಬ್ಬಿಣದ ಜಾಲರಿ ಇಡಿ. ಗಾಳಿ ಕೆಳಗಿನಿಂದ ಬರಲಿ, ಬೂದಿ ಕೆಳಗೆ ಬೀಳಲಿ.

2. ಹಂಡೆಯ ಸುತ್ತ ಗೋಡೆ ಕಟ್ಟಿ, ನಡುವೆ ಬೆರಳಗಲ ಸಂದು ಬಿಡಿ. ಬಿಸಿಗಾಳಿ ಹಂಡೆಯನ್ನು ಬಳಸಿಕೊಂಡೇ ಹೊಗೆಕೊಳವೆ ಸೇರಬೇಕು.

3. ಕೊಳವೆ ಮಾಡಿಗಿಂತ ಎತ್ತರವಿರಲಿ. ಕೊಳವೆಯ ಮತ್ತು ಹಂಡೆಯ ಮಸಿ ಆಗಾಗ ತೆಗೆಯಿರಿ.

4. ಕಟ್ಟಿಗೆ ಸೀಳಿ ಒಣಗಿಸಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು.

5. ಹಂಡೆಗೆ ತಟ್ಟೆ ಮುಚ್ಚಿ.

ಒಂದು ವಾರ ಹಳೇ ಒಲೆಯ ಕಟ್ಟಿಗೆ ತೂಗಿ ಬರೆದಿಡಿ. ಹೊಸ ಒಲೆಯದ್ದೂ ಹಾಗೇ ಬರೆದು ಸಭೆಯಲ್ಲಿ ಓದಿ. ಉಳಿದ ಕಟ್ಟಿಗೆಯೂ ಉಳಿತಾಯವೇ ತಾನೆ?

ಚರ್ಚೆಗೆ: ಒಲೆಗೆ ಹಣ ಹಾಕುವ ತೀರ್ಮಾನ ನಮ್ಮ ಮನೆಯಲ್ಲಿ ಯಾರದ್ದು? ಕಟ್ಟಿಗೆ ಹೊರುವವರದ್ದೋ, ಬಿಸಿನೀರು ಮೀಯುವವರದ್ದೋ?