ಯೂನಿಫಾರ್ಮ್ ಕಂಡರೆ ಅಳುವ ಮಗಳು

ಪ್ರಶ್ನೆ: ನಾವಿರುವುದು ಭದ್ರಾವತಿಯ ನ್ಯೂಟೌನ್‌ನಲ್ಲಿ. ಏಳು ವರ್ಷದ ಮಗಳು ಶಿವಮೊಗ್ಗದ ಖಾಸಗಿ ಶಾಲೆಗೆ ವ್ಯಾನಿನಲ್ಲಿ ಹೋಗಿಬರುತ್ತಾಳೆ. ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗ ದಿನವೂ ಅಳು. ‘ಕಚ್ಚುತ್ತೆ’ ಅನ್ನುತ್ತಾಳೆ. ಸಂಜೆ ನೋಡಿದರೆ ಕುತ್ತಿಗೆ, ಸೊಂಟದ ಸುತ್ತ ಕೆಂಪು ಗುಳ್ಳೆಗಳು. ಮಳೆ ಹಿಡಿದ ಮೇಲೆ ಕಾಲ್ಬೆರಳ ಸಂದಿಯೂ ಬೆಳ್ಳಗಾಗಿದೆ. ಎರಡು ವರ್ಷ ಬರಲಿ ಅಂತ ಯಜಮಾನರು ದೊಡ್ಡ ಸೈಜಿನ ಶೂ ತಂದಿದ್ದಾರೆ. ಮದುವೆಗೆಂದು ಗಾಂಧಿ ಬಜಾರಿನಲ್ಲಿ ಕೊಂಡ ನೆಟ್ಟಿನ ಫ್ರಾಕನ್ನು ಛತ್ರದಲ್ಲೇ ಬಿಚ್ಚಿ ಹಾಕಿದಳು. ‘ಮುದ್ದು ಮಾಡಿ ಹಾಳು ಮಾಡಿದ್ದೀಯ’ ಅನ್ನುತ್ತಾರೆ ಅತ್ತೆ. ಗದರಿಸಲೋ, ಸುಮ್ಮನಿರಲೋ?
– ಒಬ್ಬ ತಾಯಿ, ಭದ್ರಾವತಿ

ಉತ್ತರ: ಗದರಿಸಬೇಡಿ. ಸುಮ್ಮನೂ ಇರಬೇಡಿ. ಬೆವರು ಆರುತ್ತಿಲ್ಲ, ಹೊಲಿಗೆ ಉಜ್ಜುತ್ತಿದೆ ಎಂದು ಬಿಡಿಸಿ ಹೇಳಲು ಏಳು ವರ್ಷದ ಮಗುವಿಗೆ ಬರುವುದಿಲ್ಲ. ‘ಕಚ್ಚುತ್ತೆ’ ಅನ್ನುವುದೊಂದೇ ಅವಳ ಬಾಯಿಗೆ ಬಂದ ಮಾತು. ಸಂಜೆ ನೀವೇ ಕಂಡ ಗುಳ್ಳೆಗಳು ಆ ಮಾತು ನಿಜವೆಂದು ಹೇಳುತ್ತಿವೆ. ಹಠ ಹಿಡಿದರೆ ಯಾವ ಮಗುವಿಗೂ ಮೈ ಮೇಲೆ ಗುಳ್ಳೆ ಏಳುವುದಿಲ್ಲ. ಮೊದಲು ಅವಳಿಗೆ ‘ನೀನು ಹೇಳಿದ್ದು ನಿಜ ಪುಟ್ಟಿ, ಸರಿ ಮಾಡೋಣ’ ಎಂದುಬಿಡಿ. ಅಳು ಅಲ್ಲಿಂದಲೇ ಕಡಿಮೆಯಾಗತೊಡಗುತ್ತದೆ.

ಯೂನಿಫಾರ್ಮಿನ ಬಟ್ಟೆ ಬಹುಮಟ್ಟಿಗೆ ಪಾಲಿಯೆಸ್ಟರ್ ಬೆರೆತದ್ದು. ಸುಕ್ಕಾಗುವುದಿಲ್ಲ, ಬಣ್ಣ ಬೇಗ ಮಾಸುವುದಿಲ್ಲ, ನಮ್ಮ ಕಡೆಯ ಮಳೆಗಾಲದಲ್ಲೂ ರಾತ್ರಿ ಒಗೆದು ಹರವಿದರೆ ಬೆಳಿಗ್ಗೆಗೆ ಸಿದ್ಧ. ಬೇಗ ಒಣಗುವುದೇಕೆಂದರೆ ಆ ನೂಲು ನೀರನ್ನೇ ಹೀರುವುದಿಲ್ಲ. ಗಾಳಿಯಲ್ಲಿ ಇಟ್ಟ ಹತ್ತಿ ತನ್ನ ತೂಕದ ಶೇ 8ರಷ್ಟು ತೇವವನ್ನು ಹೀರಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ 0.4 ಮಾತ್ರ. ಒಗೆಯುವ ನಿಮಗೆ ಅನುಕೂಲವಾದ ಗುಣವೇ ತೊಡುವ ಅವಳಿಗೆ ಕಷ್ಟ. ತುಂಬಿದ ವ್ಯಾನಿನ ಸೆಕೆಯಲ್ಲಿ ಸುರಿದ ಬೆವರು ಚರ್ಮದ ಮೇಲೆಯೇ ನಿಂತು, ಬೆವರುಸಾಲೆ ಏಳುತ್ತದೆ.

ಯೂನಿಫಾರ್ಮ್ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ಅದರೊಳಗೆ ಏನಿರಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ. ತೋಳಿಲ್ಲದ, ತೆಳುವಾದ, ಅಪ್ಪಟ ಕಾಟನ್ ಬನಿಯನ್ ಹಾಕಿಸಿ. ಅದರ ಅಂಚು ಸ್ಕರ್ಟಿನ ಎಲಾಸ್ಟಿಕ್ಕಿನ ಕೆಳಗೂ ಇಳಿದಿರಲಿ, ಎಲಾಸ್ಟಿಕ್ ಚರ್ಮಕ್ಕೆ ತಾಗಬಾರದು. ಕುತ್ತಿಗೆಯ ಹಿಂದಿನ ಲೇಬಲ್ಲನ್ನು ಕತ್ತರಿಸಬೇಡಿ, ಬುಡದ ಗಟ್ಟಿ ಅಂಚು ಇನ್ನಷ್ಟು ಚುಚ್ಚುತ್ತದೆ. ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯಿರಿ. ಹೊಸ ಬಟ್ಟೆಯನ್ನು ಒಗೆಯದೆ ತೊಡಿಸಲೇಬೇಡಿ: ಸುಕ್ಕಾಗದಿರಲೆಂದು ಬಟ್ಟೆಗೆ ಹಾಕುವ ರಾಸಾಯನಿಕಗಳಲ್ಲಿ ಫಾರ್ಮಾಲ್ಡಿಹೈಡ್ ಕೂಡ ಇರಬಹುದು, ಕೆಲವು ಮಕ್ಕಳ ಚರ್ಮಕ್ಕೆ ಅದು ಆಗುವುದಿಲ್ಲ. ಸೋಪಿನ ಪುಡಿ ಉಳಿಯದಂತೆ ಇನ್ನೊಂದು ಸಲ ಜಾಲಿಸಿ. ಘಮಘಮಿಸುವ ಕಂಡಿಷನರ್ ಬೇಡ. ಅದು ನೂಲಿಗೆ ಮೆತ್ತಿಕೊಂಡು ಕಾಟನ್ ಕೂಡ ಬೆವರು ಹೀರದಂತೆ ಮಾಡುತ್ತದೆ.

ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗಳಲ್ಲಿ ಮನೆಬಟ್ಟೆ ಕೇಳಿದರೆ ‘ಕಾಟನ್ ಥರಾನೇ ಮೇಡಂ’ ಎಂದು ಮೆತ್ತಗಿನ, ಜಾರುವ ಬಟ್ಟೆ ತೋರಿಸುವುದುಂಟು. ಹೆಚ್ಚಾಗಿ ಅದು ರೇಯಾನ್. ಪೇಪರ್ ಮಿಲ್ಲಿನ ಊರಿನವರಾದ ನಿಮಗೆ ಮರದ ತಿರುಳು ಗೊತ್ತೇ ಇದೆ. ರೇಯಾನ್ ನೂಲೂ ಮರದ ತಿರುಳಿನದ್ದೇ, ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ಅದಕ್ಕೆಂದೇ ತಿರುಳು ತಯಾರಾಗುತ್ತದೆ. ಬೆವರು ಚೆನ್ನಾಗಿ ಹೀರುತ್ತದೆ, ಮೈಗೂ ಹಿತ. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಒಗೆದರೆ ಕುಗ್ಗುತ್ತದೆ. ಮನೆಯಲ್ಲಿ ಉಡಲು ಧಾರಾಳವಾಗಿ ಕೊಳ್ಳಿ, ಸ್ವಲ್ಪ ಸಡಿಲವಾಗಿಯೇ ಕೊಳ್ಳಿ. ಬಟ್ಟೆಯಲ್ಲಿ ಪಾಲಿಯೆಸ್ಟರ್ ಇದೆಯೇ ಎಂಬ ಅನುಮಾನವಿದ್ದರೆ ಒಳಹೊಲಿಗೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು, ಮಕ್ಕಳಿಲ್ಲದಾಗ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ, ರೇಯಾನ್ ಎರಡೂ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ.

ನೆಟ್ಟಿನ ಫ್ರಾಕಿನ ವಿಷಯಕ್ಕೆ ಅತ್ತೆಯವರ ನೆರವನ್ನೇ ಕೇಳಿ. ಅವರ ಪೆಟ್ಟಿಗೆಯಲ್ಲಿ ಉಟ್ಟು ಉಟ್ಟು ಮೆತ್ತಗಾದ ಕಾಟನ್ ಸೀರೆ ಇದ್ದೇ ಇರುತ್ತದೆ. ಅದರಲ್ಲಿ ಕಂಕುಳವನ್ನೂ ಮುಚ್ಚುವ ಒಂದು ಒಳಲಂಗ ಹೊಲಿಸಿಕೊಟ್ಟರೆ ನೆಟ್ಟು ಮೈಗೆ ತಾಗುವುದಿಲ್ಲ. ಮೊಮ್ಮಗಳು ಅದನ್ನು ತೊಟ್ಟು ಇಡೀ ಸಮಾರಂಭ ಆಡಿಕೊಂಡಿದ್ದರೆ ಅವರ ಅಭಿಪ್ರಾಯ ತಾನಾಗಿ ಬದಲಾಗುತ್ತದೆ, ನೀವು ವಾದಿಸಬೇಕಿಲ್ಲ. ಮುಂದಿನ ಹಬ್ಬಕ್ಕೆ ನಮ್ಮ ಜಿಲ್ಲೆಯದೇ ಕೈಮಗ್ಗದ ಬಟ್ಟೆ ನೋಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ 1996ರಿಂದ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ಹತ್ತಿ ಬಟ್ಟೆ ನೇಯ್ದು, ಅಡಿಕೆ ಚೊಗರಿನಂಥ ಬಣ್ಣಗಳಲ್ಲಿ ಅದ್ದಿ ಹೊಲಿಯುತ್ತಿದ್ದಾರೆ. ಆ ಕೆಂಗಂದು ಬಣ್ಣದ ಲಂಗ ಮಕ್ಕಳಿಗೆ ಬಹಳ ಒಪ್ಪುತ್ತದೆ ಎಂಬುದು ನನ್ನ ಅನಿಸಿಕೆ.

ಇನ್ನು ಶೂ. ನನಗೆ ಹೆಚ್ಚು ಕಳವಳ ಅದರದ್ದೇ. ಬಟ್ಟೆ ಎರಡು ವರ್ಷ ಬರಲೆಂದು ದೊಡ್ಡದು ಕೊಂಡರೆ ಮಡಿಸಿ ಹೊಲಿಯಬಹುದು, ಶೂ ಮಡಿಸಲಾಗದು. ಒಳಗೆ ಪಾದ ಜಾರಿ ಬೆರಳು ಮುಂದಕ್ಕೆ ಗುದ್ದುತ್ತದೆ, ಹಿಮ್ಮಡಿ ಉಜ್ಜುತ್ತದೆ, ಮಗು ಕಾಲೆಳೆದು ನಡೆಯುತ್ತದೆ. ಯಜಮಾನರ ಜೊತೆ ಜಗಳ ಬೇಡ. ಸಂಜೆ, ಪಾದ ತುಸು ಊದಿಕೊಂಡಿರುವ ಹೊತ್ತಿಗೆ, ಶೂ ಒಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ಮಗಳನ್ನು ಅವರೆದುರೇ ನಿಲ್ಲಿಸಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿದರೆ ಸಾಕು. ಎರಡೂ ಕಾಲು ನೋಡಿ, ಒಂದು ಸ್ವಲ್ಪ ದೊಡ್ಡದಿರುತ್ತದೆ, ಅದೇ ಅಳತೆ. ಹೊಸ ಜೊತೆ ಕೊಳ್ಳುವುದಾದರೆ ಹೊಳೆಯುವ ರೆಕ್ಸಿನ್ನಿಗಿಂತ ಕ್ಯಾನ್‌ವಾಸ್ ಅಥವಾ ಮೆತ್ತಗಿನ ಚರ್ಮದ್ದು ಲೇಸು, ಒಳಗೆ ಗಾಳಿಯಾಡುತ್ತದೆ.

ಮಳೆಗಾಲಕ್ಕೆ ಲೆಕ್ಕ ಬೇರೆ. ಕ್ಯಾನ್‌ವಾಸ್ ನೆನೆದರೆ ಬೇಗ ಒಣಗುವುದಿಲ್ಲ. ವ್ಯಾನಿಗೆ ಹತ್ತಿ ಇಳಿಯುವಾಗ ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಇರಲಿ. ಶೂ, ಇನ್ನೊಂದು ಜೊತೆ ಕಾಟನ್ ಸಾಕ್ಸ್, ಹಳೆಯ ಬಟ್ಟೆಯ ತುಂಡು ಬ್ಯಾಗಿನಲ್ಲಿರಲಿ. ಬೆರಳ ಸಂದಿಯನ್ನು ಒರೆಸಿಕೊಂಡೇ ಸಾಕ್ಸ್ ಹಾಕುವುದನ್ನು ಅವಳಿಗೆ ಕಲಿಸಿ. ನೆನೆದ ಶೂಗೆ ಹಳೆ ಪತ್ರಿಕೆ ತುರುಕಿ, ಒದ್ದೆಯಾದಂತೆ ಬದಲಿಸುತ್ತಾ ಫ್ಯಾನಿನಡಿ ಇಡಿ. ಒಲೆಯ ಪಕ್ಕ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ.

ಸಂದಿಯ ಬಿಳುಪು ಒಂದು ವಾರದಲ್ಲಿ ಹೋಗದಿದ್ದರೆ, ಅಥವಾ ಬಿರಿದು ವಾಸನೆ ಬಂದರೆ, ಚರ್ಮದ ವೈದ್ಯರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಮುಲಾಮು ತರಬೇಡಿ. ಹಾಗೆ ಕೊಡುವ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ, ಬಿಳುಪಿಗೆ ಕಾರಣ ಫಂಗಸ್ ಆಗಿದ್ದರೆ ಅದು ಮಾತ್ರ ಹರಡುತ್ತಲೇ ಇರುತ್ತದೆ.

ಕೊನೆಯದಾಗಿ ಶಾಲೆ. ಸರ್ಕಾರಿ ಶಾಲೆಗಳ ಮಕ್ಕಳಿಗೆ 2015-16ರಿಂದ ಉಚಿತ ಶೂ, ಸಾಕ್ಸ್ ಸಿಗುತ್ತಿದೆ. ಸ್ಥಳೀಯ ಹವಾಮಾನ ನೋಡಿಕೊಂಡು ಶೂ ಬದಲು ಸ್ಯಾಂಡಲ್ ಕೊಳ್ಳಲು ಇಲಾಖೆ ಆಮೇಲೆ ಅವಕಾಶವನ್ನೂ ಕೊಟ್ಟಿದೆ. ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರಿಗೆ ಇದನ್ನು ತಿಳಿಸಿ, ಆಗಸ್ಟ್ ಮುಗಿಯುವವರೆಗೆ ತರಗತಿಯಲ್ಲೂ ಸ್ಯಾಂಡಲ್‌ಗೆ ಅನುಮತಿ ಕೇಳಿ ಪತ್ರ ಬರೆಯಿರಿ. ವ್ಯಾನಿನ ಉಳಿದ ಮಕ್ಕಳ ತಾಯಂದಿರ ಸಹಿಯನ್ನೂ ಹಾಕಿಸಿ. ಅವರ ಮಕ್ಕಳ ಸಾಕ್ಸೂ ಸಂಜೆ ಒದ್ದೆಯಾಗಿಯೇ ಮನೆಗೆ ಬರುತ್ತಿರುತ್ತದೆ.