ಮಿದುಳಿನ ಉರಿಯೂತ: ಆಂಟಿವೈರಲ್ ಜೊತೆಗೆ ಸ್ಟಿರಾಯ್ಡ್?

ಎನ್ಸೆಫಲೈಟಿಸ್ ಎಂದರೆ ಮಿದುಳಿನ ಉರಿಯೂತ. ಜ್ವರ ಬಂದ ಮಗು ಅಮ್ಮನನ್ನೇ ಗುರುತಿಸದೆ ಏನೇನೋ ಬಡಬಡಿಸಿದರೆ, ಫಿಟ್ಸ್ ಬಂದರೆ, ಸಂಶಯಪಡಬೇಕಾದ್ದು ಇದನ್ನೇ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಿಂದ ಬಂದದ್ದಾದರೆ ಅಸೈಕ್ಲೊವಿರ್ ಇದೆ: ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ., 8 ಗಂಟೆಗೊಮ್ಮೆ ರಕ್ತನಾಳಕ್ಕೆ, 14ರಿಂದ 21 ದಿನ. ಔಷಧವಿಲ್ಲದಿದ್ದರೆ ಸುಮಾರು ಶೇ. 70 ಮಂದಿ ಸಾಯುತ್ತಾರೆ. (ಅಸೈಕ್ಲೊವಿರ್ ಸಂಶೋಧನೆಯ ಹಿಂದಿದ್ದ ಗರ್ಟ್ರೂಡ್ ಎಲಿಯನ್‌ಗೆ 1988ರ ನೊಬೆಲ್, ಪರೀಕ್ಷೆಯಲ್ಲಿ ಪ್ರಶ್ನೆಯಾಗಬಹುದು.) ಅಸೈಕ್ಲೊವಿರ್ ವೈರಸ್ಸನ್ನು ತಡೆಯುತ್ತದೆ, ಮಿದುಳಿನ ಬಾವನ್ನಲ್ಲ. ಅದಕ್ಕಾಗಿ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಸೇರಿಸಿ ನೋಡಿದ್ದಾರೆ. ಅದಿನ್ನೂ ಎಲ್ಲರಿಗೂ ಕೊಡುವ ರೂಢಿಯ ಚಿಕಿತ್ಸೆಯಾಗಿಲ್ಲ.

ನಮ್ಮಲ್ಲಿ ಹೆಚ್ಚು ಕೇಳಿಬರುವುದು ಜಪಾನೀಸ್ ಎನ್ಸೆಫಲೈಟಿಸ್. ಚಿತ್ರದುರ್ಗವೂ ಪೀಡಿತ ಜಿಲ್ಲೆಗಳಲ್ಲೊಂದು. ನೀರು ನಿಂತ ಭತ್ತದ ಗದ್ದೆಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದರ ವಾಹಕ. ಹಂದಿ, ಬೆಳ್ಳಕ್ಕಿ ವೈರಸ್ಸಿನ ಆಶ್ರಯ. ಅದೇ ಜಿಲ್ಲೆಯ ಹಿರಿಯೂರಿನ ನಾಲೆಯಂಚಿನ ಗದ್ದೆ ನೆನೆಸಿಕೊಂಡರೆ ಸಾಕು, ಉತ್ತರ ಮರೆಯದು. ಈ ರೋಗಕ್ಕೆ ನಿರ್ದಿಷ್ಟ ಆಂಟಿವೈರಲ್ ಇಲ್ಲ. ಥಾಯ್ಲೆಂಡಿನಲ್ಲಿ 65 ರೋಗಿಗಳ ಮೇಲೆ ನಡೆದ ಡೆಕ್ಸಾಮೆಥಸೋನ್ ಪ್ರಯೋಗ (1992) ಲಾಭ ತೋರಲಿಲ್ಲ. ಉಳಿದದ್ದು ಲಸಿಕೆ: 2013ರ ಜೆನ್ವ್ಯಾಕ್ ತಯಾರಾದದ್ದು ಕೋಲಾರದಲ್ಲಿ ಸಿಕ್ಕ ವೈರಸ್ ತಳಿಯಿಂದಲೇ.